ಬರ್ಗ್‌ಸಿಗ್‌ನ ಹಳದಿ ಪುಸ್ತಕ: ಟೊರ್ರಾ ಕನ್ಸರ್ವೆನ್ಸಿಯ ಒಂದು ಪ್ರಕರಣ

ಒಂದು ಪುಸ್ತಕದಿಂದ ಶುರು ಮಾಡುತ್ತೇನೆ. ಹಳದಿ ಬಣ್ಣದ್ದು, ಶಾಲೆ ನೋಟ್‌ಬುಕ್‌ಗಿಂತ ಚಿಕ್ಕದು. ನಮೀಬಿಯಾದ ವಾಯವ್ಯ ಮೂಲೆಯ ಕುನೆನೆ ಪ್ರದೇಶದಲ್ಲಿ, ಬರ್ಗ್‌ಸಿಗ್ ಅನ್ನುವ ಸಣ್ಣ ಊರಿನ ಸುತ್ತಮುತ್ತ, ಗೇಮ್ ಗಾರ್ಡ್‌ಗಳು ಇದನ್ನು ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. ಗೇಮ್ ಗಾರ್ಡ್ ಅಂದರೆ ಊರಿನವರೇ ನೇಮಿಸಿಕೊಂಡ ಕಾಡುಪ್ರಾಣಿಗಳ ಕಾವಲುಗಾರ. ಈ ಊರು ಇರುವುದು ಟೊರ್ರಾ ಕನ್ಸರ್ವೆನ್ಸಿಯಲ್ಲಿ. ಕನ್ಸರ್ವೆನ್ಸಿ ಅಂದರೆ ಒಂದು ಗಡಿಯೊಳಗಿನ ಕಾಡುಪ್ರಾಣಿಗಳನ್ನು ಊರಿನವರೇ ನೋಡಿಕೊಂಡು, ಅದರಿಂದ ಬರುವ ಆದಾಯವನ್ನೂ ತಾವೇ ಪಡೆಯುವ ನೋಂದಾಯಿತ ವ್ಯವಸ್ಥೆ.

ರಾತ್ರಿ ಯಾರದೋ ದೊಡ್ಡಿಗೆ ಕತ್ತೆಕಿರುಬ ನುಗ್ಗಿ ಎರಡು ಮೇಕೆ ಕೊಂದಿದೆ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಗಾರ್ಡ್ ಅಲ್ಲಿಗೆ ಹೋಗುತ್ತಾನೆ. ನೆಲದ ಮೇಲಿನ ಹೆಜ್ಜೆ ನೋಡುತ್ತಾನೆ, ಗಾಯ ಎಲ್ಲಿ ಆಗಿದೆ ಅಂತ ನೋಡುತ್ತಾನೆ. ಚಿರತೆ ಕೊಂದ ರೀತಿ ಬೇರೆ, ಕಿರುಬ ಕೊಂದ ರೀತಿ ಬೇರೆ, ನರಿ ಕೊಂದ ರೀತಿ ಬೇರೆ. ಆಮೇಲೆ ಪುಸ್ತಕ ತೆಗೆದು ದಿನಾಂಕ, ಜಾಗ, ಯಾವ ಪ್ರಾಣಿ, ಏನು ನಷ್ಟ ಅಂತ ಬರೆಯುತ್ತಾನೆ. ಅಷ್ಟೇ ಕೆಲಸ. ತಿಂಗಳ ಕೊನೆಗೆ ಹಳದಿ ಪುಸ್ತಕದಲ್ಲಿ ಇರುವುದನ್ನೆಲ್ಲ ಒಂದು ನೀಲಿ ಚಾರ್ಟಿಗೆ ಇಳಿಸುತ್ತಾರೆ. ಒಂದು ಘಟನೆಗೆ ಒಂದು ಚೌಕ. ಚೌಕಕ್ಕೆ ಬಣ್ಣ ತುಂಬುತ್ತಾ ಹೋದರೆ ಯಾವ ತಿಂಗಳು ಕಾಟ ಜಾಸ್ತಿ ಅಂತ ಓದು ಬಾರದವರಿಗೂ ಕಾಣುತ್ತದೆ. ವರ್ಷಗಳ ಲೆಕ್ಕಕ್ಕೆ ಕೆಂಪು ಚಾರ್ಟ್. ಕಳ್ಳಬೇಟೆ, ಸತ್ತ ಪ್ರಾಣಿ, ಮಳೆ, ಅಪರೂಪಕ್ಕೆ ಕಂಡ ಪ್ರಾಣಿ, ಹೀಗೆ ಒಂದೊಂದು ವಿಷಯಕ್ಕೂ ಒಂದೊಂದು ಲೆಕ್ಕ. ಇದಕ್ಕೆ ಈವೆಂಟ್ ಬುಕ್ ಅಂತ ಹೆಸರು. 2000ನೇ ಇಸವಿಯಲ್ಲಿ ಶುರುವಾಯಿತು.

ಯಾವುದನ್ನು ಎಣಿಸಬೇಕು ಅಂತ ತೀರ್ಮಾನ ಮಾಡುವವರು ಊರಿನವರು. ಎಣಿಸುವವರು ಅವರೇ. ಚಾರ್ಟ್ ಮಾಡುವವರೂ ಅವರೇ. ಮೂಲ ಪುಸ್ತಕ ಊರಿನ ಆಫೀಸು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಸರ್ಕಾರಕ್ಕೆ, ಸಂಸ್ಥೆಗಳಿಗೆ ಬೇಕಾದರೆ ನಕಲು ತೆಗೆದುಕೊಂಡು ಹೋಗಬೇಕು.

ಇದನ್ನು ಮೊದಲು ಓದಿದಾಗ ನನಗೆ ನಮ್ಮ ಗದ್ದೆ ನೆನಪಾಯಿತು. ನಮ್ಮದು ಸಕಲೇಶಪುರದ ಕಡೆ. ಒಂದು ವರ್ಷ ಭತ್ತ ತೆನೆ ಕಟ್ಟಿದ್ದಾಗ ರಾತ್ರಿ ಆನೆ ಬಂದು ಅರ್ಧ ಗದ್ದೆ ತುಳಿದು ಹೋಯಿತು. ಅರ್ಜಿ ಕೊಟ್ಟೆವು. ಯಾರೋ ಬಂದರು, ನೋಡಿದರು, ಬರೆದುಕೊಂಡು ಹೋದರು. ಆ ಹಾಳೆಯಲ್ಲಿ ಏನು ಬರೆದರು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ನಷ್ಟ ನಮ್ಮದು, ಲೆಕ್ಕ ಮಾತ್ರ ಬೇರೆಯವರ ಕೈಯಲ್ಲಿ. ಹಾಗಾಗಿಯೇ ಬರ್ಗ್‌ಸಿಗ್‌ನ ಕಥೆ ನನ್ನನ್ನು ಇಷ್ಟು ಹಿಡಿದುಕೊಂಡಿತು ಅನ್ನಿಸುತ್ತದೆ. ಪ್ರಾಣಿಗಳ ಲೆಕ್ಕ, ದುಡ್ಡಿನ ಲೆಕ್ಕ, ಎರಡೂ ಯಾರ ಕೈಯಲ್ಲಿ ಇವೆ ಅನ್ನುವುದರ ಸುತ್ತಲೇ ಈ ಪ್ರಕರಣ ಸುತ್ತುತ್ತದೆ.

ಬೇರೆ ಕಡೆಯಿಂದ ತಂದು ಬಿಟ್ಟ ಜನ

ಟೊರ್ರಾ ಕನ್ಸರ್ವೆನ್ಸಿಯ ವಿಸ್ತೀರ್ಣ ಸುಮಾರು 3,522 ಚದರ ಕಿಲೋಮೀಟರ್. ಒಳಗಿರುವ ಜನ ಸುಮಾರು ಸಾವಿರ, ಅಷ್ಟೇ. ಪಶ್ಚಿಮಕ್ಕೆ ಸ್ಕೆಲಿಟನ್ ಕೋಸ್ಟ್ ರಾಷ್ಟ್ರೀಯ ಉದ್ಯಾನ, ಅದರಾಚೆ ಅಟ್ಲಾಂಟಿಕ್ ಸಮುದ್ರ. ನೆಲವೆಲ್ಲ ಕೆಂಪು ಕಲ್ಲು. ಚಪ್ಪಟೆ ತಲೆಯ ಗುಡ್ಡಗಳು. ಮಳೆ ತುಂಬಾ ಕಡಿಮೆ, ಬಂದರೂ ಒಂದು ಕಡೆ ಸುರಿದು ಪಕ್ಕದ ಕಣಿವೆಯನ್ನು ಒಣಗಿಸಿಯೇ ಬಿಡುತ್ತದೆ. ಇಲ್ಲಿ ಬೇಸಾಯ ಆಗುವುದಿಲ್ಲ. ಮೇಕೆ, ಕುರಿ, ಒಂದಿಷ್ಟು ದನ. ಅವುಗಳ ಜೊತೆಗೆ ಮರುಭೂಮಿಗೆ ಒಗ್ಗಿಕೊಂಡ ಆನೆ, ಕಪ್ಪು ಘೇಂಡಾಮೃಗ, ಬೆಟ್ಟದ ಜೀಬ್ರಾ, ಓರಿಕ್ಸ್, ಸ್ಪ್ರಿಂಗ್‌ಬಾಕ್ ಅನ್ನುವ ಹುಲ್ಲೆಗಳು, ಚೀತಾ, ಸಿಂಹ.

ಜನ ಯಾರು ಅಂತ ಕೇಳಿದರೆ ಕಥೆ ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತದೆ. ಇಲ್ಲಿರುವ ಅನೇಕ ಕುಟುಂಬಗಳು ರೀಮ್‌ಫಾಸ್ಮಾಕ್ ಅನ್ನುವ ಊರಿನವು. ಅದು ಆರೆಂಜ್ ನದಿಯ ದಂಡೆಯ ಊರು, ಇಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ. ಆಗ ನಮೀಬಿಯಾವನ್ನೂ ಆಳುತ್ತಿದ್ದ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ 1973–74ರಲ್ಲಿ ಅಲ್ಲಿನ ಜನರನ್ನು ಎಬ್ಬಿಸಿತು. ಚರ್ಮದ ಬಣ್ಣ, ಕುಲ ನೋಡಿ ಬೇರೆ ಬೇರೆ ಕಡೆ ಹಂಚಿತು. ಒಂದು ಗುಂಪನ್ನು ಈ ಮರಳುಗಾಡಿನ ಅಂಚಿಗೆ, ಆಗ ಡಮರಾಲ್ಯಾಂಡ್ ಅಂತ ಕರೆಯುತ್ತಿದ್ದ ಜಾಗಕ್ಕೆ ಕಳಿಸಿತು. ಅವರ ಹಳೆಯ ಊರಿನ ನೆಲವನ್ನು ಸೈನ್ಯ ತೆಗೆದುಕೊಂಡಿತು. 1994ರ ನಂತರ ಆ ನೆಲ ಜನರಿಗೆ ವಾಪಸ್ ಸಿಕ್ಕಿತು, ಕೆಲವರು ಹಿಂತಿರುಗಿ ಹೋದರು. ಇನ್ನು ಕೆಲವರು ಇಲ್ಲೇ ಉಳಿದರು. ಅಷ್ಟು ಹೊತ್ತಿಗೆ ಮಕ್ಕಳು ಇಲ್ಲೇ ಹುಟ್ಟಿ ಬೆಳೆದಿದ್ದರು.

ಈ ಹಿನ್ನೆಲೆ ಮರೆತು ಟೊರ್ರಾವನ್ನು ಓದಿದರೆ ಅರ್ಥವೇ ಆಗುವುದಿಲ್ಲ. ನಿನ್ನದು ಅಂತ ಯಾವುದೂ ಇಲ್ಲ ಅಂತ ಒಂದು ಸರ್ಕಾರದಿಂದ ಹೇಳಿಸಿಕೊಂಡು ಬಂದ ಜನ ಇವರು. ಇಪ್ಪತ್ತೈದು ವರ್ಷದ ಮೇಲೆ ಅದೇ ಜನ ಒಂದು ಕಾಗದಕ್ಕೆ ಸಹಿ ಹಾಕಿ, ಇಷ್ಟು ಗಡಿಯ ಒಳಗಿನ ಪ್ರಾಣಿಗಳ ಜವಾಬ್ದಾರಿ ನಮ್ಮದು ಅಂದರು.

ಕಾವಲುಗಾರರಿಂದ ಕಾಯಿದೆವರೆಗೆ

1970ರ ದಶಕದ ಕೊನೆಗೆ ಈ ಭಾಗದಲ್ಲಿ ಭೀಕರ ಬರ ಬಂತು. ಉತ್ತರದ ಕಡೆ ದನಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸತ್ತವು. ಅದೇ ಹೊತ್ತಿಗೆ ನಮೀಬಿಯಾದ ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆಯುತ್ತಿತ್ತು, ದಕ್ಷಿಣ ಆಫ್ರಿಕಾದ ಸೈನ್ಯ ಸ್ಥಳೀಯರಿಗೆ ರೈಫಲ್ ಹಂಚಿತ್ತು. ಹೊಟ್ಟೆಗಿಲ್ಲದವರು ಮಾಂಸಕ್ಕೆ ಹೊಡೆದರು. ದಂತಕ್ಕೆ, ಕೊಂಬಿಗೆ ಹೊಡೆದವರಲ್ಲಿ ಸೈನಿಕರೂ ಅಧಿಕಾರದಲ್ಲಿದ್ದವರೂ ಇದ್ದರು. 1980ರ ದಶಕ ಶುರುವಾಗುವ ಹೊತ್ತಿಗೆ ಇಲ್ಲಿನ ಘೇಂಡಾಮೃಗ ಮುಗಿದೇ ಹೋಯಿತು ಅನ್ನುವ ಸ್ಥಿತಿ.

ಆಗ ಗಾರ್ತ್ ಓವನ್-ಸ್ಮಿತ್ ಅನ್ನುವ ವನ್ಯಜೀವಿ ಸಂರಕ್ಷಕರು ಒಂದು ಸರಳ ಕೆಲಸ ಮಾಡಿದರು. ಜೋಶುವಾ ಕಾಂಗೊಂಬೆಯಂಥ ಊರ ಮುಖ್ಯಸ್ಥರ ಜೊತೆ ಕೂತು ಮಾತಾಡಿದರು. ಪ್ರಾಣಿಗಳು ಮುಗಿಯುತ್ತಿವೆ, ಏನು ಮಾಡೋಣ ಅಂತ ಕೇಳಿದರು. ನಮ್ಮವರನ್ನೇ ಕಾವಲಿಗೆ ಹಾಕೋಣ ಅಂತ ತೀರ್ಮಾನವಾಯಿತು. 1982–83ರ ಸುಮಾರಿಗೆ ಮೊದಲ ಗಾರ್ಡ್‌ಗಳು ಬಂದರು. ಅವರನ್ನು ಆರಿಸಿದವರು ಮುಖ್ಯಸ್ಥರು. ಸಂಬಳ ಅಂದರೆ ರೇಷನ್ ಮತ್ತು ಸ್ವಲ್ಪ ಕೈಕಾಸು. ಪೊಲೀಸರ ಹಾಗೆ ಯಾರನ್ನೂ ಹಿಡಿಯುವುದು ಅವರ ಕೆಲಸ ಆಗಿರಲಿಲ್ಲ. ನೋಡಬೇಕು, ಮುಖ್ಯಸ್ಥರಿಗೆ ಹೇಳಬೇಕು. ಗಾರ್ಡ್ ಊರಿನವನೇ ಆದ್ದರಿಂದ ಯಾರ ಮನೆಯಲ್ಲಿ ಯಾವತ್ತು ಒಲೆ ಮೇಲೆ ಮಾಂಸ ಬೇಯುತ್ತಿತ್ತು ಅನ್ನುವುದು ಅವನಿಗೆ ಗೊತ್ತಾಗದೆ ಇರಲು ಸಾಧ್ಯವಾ? ಹೊರಗಿನಿಂದ ಬಂದ ಹತ್ತು ಜೀಪು ಮಾಡಲಾಗದ್ದನ್ನು ಕಾಲ್ನಡಿಗೆಯ ಕೆಲವೇ ಜನ ಮಾಡಿದರು. ಕಳ್ಳಬೇಟೆ ಇಳಿಯಿತು. ಅದೇ 1982ರಲ್ಲಿ ಬ್ಲೈದ್ ಲೌಟಿಟ್ ಮತ್ತು ಇನಾ ಬ್ರಿಟ್ಸ್ ಸೇವ್ ದಿ ರೈನೋ ಟ್ರಸ್ಟ್ ಶುರು ಮಾಡಿದರು. ಓವನ್-ಸ್ಮಿತ್ ಮತ್ತು ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಜೇಕಬ್‌ಸನ್ ಮುಂದೆ ಸೇರಿ ಕಟ್ಟಿದ ಐಆರ್‌ಡಿಎನ್‌ಸಿ (ಗ್ರಾಮೀಣ ಅಭಿವೃದ್ಧಿ ಮತ್ತು ಪ್ರಕೃತಿ ಸಂರಕ್ಷಣೆಯ) ಸಂಸ್ಥೆ ಇವತ್ತಿಗೂ ಈ ಭಾಗದಲ್ಲಿ ಕೆಲಸ ಮಾಡುತ್ತಿದೆ.

ಆದರೆ ಕಾಯುವ ಕೆಲಸ ಮಾತ್ರ ಊರಿನವರದ್ದು, ಪ್ರಾಣಿ ಸರ್ಕಾರದ್ದು. ಇದು ಎಷ್ಟು ದಿನ ನಡೆಯುತ್ತದೆ? ಬಿಳಿಯ ಜಮೀನ್ದಾರರಿಗೆ 1960ರ ದಶಕದ ಕೊನೆಯಿಂದಲೇ ಅವರ ಜಮೀನಿನಲ್ಲಿರುವ ಕಾಡುಪ್ರಾಣಿಗಳ ಮೇಲೆ ಹಕ್ಕು ಇತ್ತು. 1975ರ ಕಾಯಿದೆ ಅದನ್ನು ಗಟ್ಟಿ ಮಾಡಿತು. ಓರಿಕ್ಸ್ ಮಾರಬಹುದು, ಬೇಟೆಗೆ ಬಂದವರಿಂದ ದುಡ್ಡು ತೆಗೆದುಕೊಳ್ಳಬಹುದು. ಹಾಗಾಗಿ ಅವರ ಬೇಲಿಯೊಳಗೆ ಪ್ರಾಣಿ ಹೆಚ್ಚಿದವು. ಬೇಲಿಯಾಚೆಯ ಕರಿಯರು ಅದೇ ಓರಿಕ್ಸ್ ಮುಟ್ಟಿದರೆ ಜೈಲು.

1990ರ ಮಾರ್ಚ್ 21ಕ್ಕೆ ನಮೀಬಿಯಾಕ್ಕೆ ಸ್ವಾತಂತ್ರ್ಯ ಬಂತು. ಹೊಸ ಸರ್ಕಾರದ ಇಲಾಖೆಯವರು ಹಳ್ಳಿಗಳಿಗೆ ಹೋಗಿ ಜನರನ್ನು ಕೇಳಿದರು. ಪ್ರಾಣಿಗಳನ್ನು ಓಡಿಸಿ ಅಂತ ಜನ ಅಂದಾರು ಅಂತ ಯಾರಾದರೂ ಅಂದುಕೊಂಡಿರಬಹುದು. ಜನ ಹೇಳಿದ್ದು ಬೇರೆ. ಪ್ರಾಣಿಗಳು ಇರಲಿ, ಬಿಳಿ ರೈತರಿಗೆ ಇರುವ ಹಕ್ಕು ನಮಗೂ ಕೊಡಿ ಅಂದರು. 1996ರಲ್ಲಿ ಕಾಯಿದೆಗೆ ತಿದ್ದುಪಡಿ ಬಂತು. ಅದರಿಂದ ಹುಟ್ಟಿದ್ದೇ ಕನ್ಸರ್ವೆನ್ಸಿ.

ಷರತ್ತುಗಳು ಐದು: ಗಡಿ ಗುರುತಿಸಬೇಕು, ಸದಸ್ಯರ ಪಟ್ಟಿ ಬೇಕು, ನಿಯಮಾವಳಿ ಬೇಕು, ಸಮಿತಿ ಬೇಕು, ಲಾಭ ಹೇಗೆ ಹಂಚುತ್ತೀರಿ ಅನ್ನುವುದಕ್ಕೆ ಯೋಜನೆ ಬೇಕು. ಕಾಗದದ ಮೇಲೆ ಸುಲಭ. ಗಡಿ ಅಂದ ತಕ್ಷಣ ಪಕ್ಕದ ಊರಿನವರು ಬಂದು ಕೂರುತ್ತಾರೆ, ಆ ಬಾವಿ ನಮ್ಮ ಅಜ್ಜನದು ಅನ್ನುತ್ತಾರೆ. ಸದಸ್ಯರು ಯಾರು ಅಂದರೆ ಪಟ್ಟಣಕ್ಕೆ ಹೋಗಿ ನೆಲೆಸಿದ ಮಗನನ್ನು ಸೇರಿಸಬೇಕಾ ಬೇಡವಾ ಅಂತ ಚರ್ಚೆ. ನನ್ನ ಅನಿಸಿಕೆ ಏನೆಂದರೆ ಈ ಜಗಳಗಳೇ ನಿಜವಾದ ಪಂಚಾಯಿತಿ ತರಬೇತಿ. ಇವು ಬಗೆಹರಿಯದೆ ನೋಂದಣಿಯೇ ಇಲ್ಲ ಅಂತ ಕಾಯಿದೆ ಹೇಳಿದ್ದು ಒಳ್ಳೆಯದಾಯಿತು. ಟೊರ್ರಾ 1998ರ ಜೂನ್‌ನಲ್ಲಿ ನೋಂದಣಿಯಾಯಿತು. ದೇಶದ ಮೊದಲ ನಾಲ್ಕರಲ್ಲಿ ಇದೂ ಒಂದು. ಈಗ ಇಡೀ ನಮೀಬಿಯಾದಲ್ಲಿ 86 ಕನ್ಸರ್ವೆನ್ಸಿಗಳಿವೆ, ದೇಶದ ನೆಲದ ಐದರಲ್ಲಿ ಒಂದು ಭಾಗದಷ್ಟು.

630 ಡಾಲರ್

ನೋಂದಣಿಗೆ ಮೊದಲೇ ಒಂದು ಕೆಲಸ ಆಗಿತ್ತು. 1996ರಲ್ಲಿ ವೈಲ್ಡರ್‌ನೆಸ್ ಸಫಾರೀಸ್ ಅನ್ನುವ ಪ್ರವಾಸಿ ಕಂಪನಿ ಇಲ್ಲಿನ ಜನರ ಜೊತೆ ಒಪ್ಪಂದ ಮಾಡಿಕೊಂಡು ಡಮರಾಲ್ಯಾಂಡ್ ಕ್ಯಾಂಪ್ ಕಟ್ಟಿತು. ಕೋಣೆ ಬಾಡಿಗೆಯಿಂದ ಬರುವ ಆದಾಯದಲ್ಲಿ 10 ಶೇಕಡಾ ಊರಿಗೆ. ಕೆಲಸ ಊರಿನವರಿಗೆ. ಕಾಲ ಕಳೆದಂತೆ ಮಾಲೀಕತ್ವವೂ ಹಂತಹಂತವಾಗಿ ಊರಿಗೆ ಬರುವಂತೆ ಒಪ್ಪಂದ. ಮೇಕೆ ಕಾಯುತ್ತಿದ್ದ ಒಬ್ಬ ಹೆಣ್ಣುಮಗಳು ಇಲ್ಲಿ ಊಟ ಬಡಿಸುವ ಕೆಲಸಕ್ಕೆ ಸೇರಿ ಕೊನೆಗೆ ಕ್ಯಾಂಪಿನ ಮ್ಯಾನೇಜರ್ ಆದಳು. ಕ್ಯಾಂಪಿನ ಪಾಲು, ಬೇಟೆಯ ಗುತ್ತಿಗೆ, ಜೀವಂತ ಸ್ಪ್ರಿಂಗ್‌ಬಾಕ್ ಹಿಡಿದು ಬೇರೆಯವರಿಗೆ ಮಾರಿದ ದುಡ್ಡು, ಎಲ್ಲ ಸೇರಿ 2000ದ ಹೊತ್ತಿಗೆ ಟೊರ್ರಾ ಹೊರಗಿನ ನೆರವಿಲ್ಲದೆ ತನ್ನ ಖರ್ಚು ತಾನೇ ನೋಡಿಕೊಳ್ಳುವ ಮೊದಲ ಕನ್ಸರ್ವೆನ್ಸಿ ಆಯಿತು. 2004ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು.

ಬೇಟೆ ಅಂದಾಗ ನಿಮಗೆ ಇರುಸುಮುರುಸಾಗಿರಬಹುದು. ನನಗೂ ಆಗುತ್ತದೆ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನೆರಳಿನಲ್ಲಿ ಬೆಳೆದ ನಮಗೆ ದುಡ್ಡು ತೆಗೆದುಕೊಂಡು ಪ್ರಾಣಿ ಹೊಡೆಯಲು ಬಿಡುವುದು ಅಂದರೆ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಲೆಕ್ಕ ನೋಡಬೇಕು. ಪ್ರತಿ ವರ್ಷ ಎಣಿಕೆ ಮಾಡಿ, ಇಷ್ಟು ಓರಿಕ್ಸ್, ಇಷ್ಟು ಜೀಬ್ರಾ ಅಂತ ಸರ್ಕಾರದ ಜೊತೆ ಕೂತು ಕೋಟಾ ನಿಗದಿ ಮಾಡುತ್ತಾರೆ. ಆ ದುಡ್ಡು ಕನ್ಸರ್ವೆನ್ಸಿಯ ಖಾತೆಗೆ ಬರುತ್ತದೆ, ಮಾಂಸ ಮನೆಗಳಿಗೆ ಹೋಗುತ್ತದೆ. ಪ್ರವಾಸಿ ಕ್ಯಾಂಪ್ ಕಟ್ಟಲಾಗದಷ್ಟು ದೂರದ, ಬೋಳು ಜಾಗಗಳಿಗೂ ಇದರಿಂದ ಬೆಲೆ ಬರುತ್ತದೆ. ಇಷ್ಟವಿಲ್ಲ ಅನ್ನುವುದಕ್ಕೆ ನನಗೆ ಹಕ್ಕಿದೆ. ಬೇಡ ಅಂತ ಅವರಿಗೆ ಹೇಳುವ ಹಕ್ಕು ನನಗಿಲ್ಲ ಅಂತಲೇ ಅನ್ನಿಸುತ್ತದೆ. ಮೇಕೆ ಹೋಗುವುದು ಅವರ ದೊಡ್ಡಿಯಿಂದ ತಾನೇ.

2003ಕ್ಕೆ ಬರೋಣ. ಆಫೀಸು, ಗಾರ್ಡ್‌ಗಳ ಸಂಬಳ, ಗಾಡಿಯ ಡೀಸೆಲ್ ಎಲ್ಲ ಕಳೆದು ಟೊರ್ರಾದ ಖಾತೆಯಲ್ಲಿ ದುಡ್ಡು ಉಳಿದಿತ್ತು. ಒಂದೊಂದು ಸದಸ್ಯನಿಗೂ 630 ನಮೀಬಿಯಾ ಡಾಲರ್ ಕೈಗೆ ಕೊಟ್ಟರು. ಆಗಿನ ಲೆಕ್ಕದಲ್ಲಿ ಸುಮಾರು 73 ಅಮೆರಿಕನ್ ಡಾಲರ್. ಕೇಳಲು ಸಣ್ಣ ಮೊತ್ತ. ಆದರೆ ಆ ಊರಲ್ಲಿ ಒಂದು ಮನೆಯ ಮೂರು ತಿಂಗಳ ದಿನಸಿಗೆ ಸಾಕಾಗುತ್ತಿತ್ತು. ಒಂದು ವರ್ಷ ಮೇಕೆ ಮಾರಿ ಬರುವ ದುಡ್ಡಿಗೆ ಹೆಚ್ಚುಕಮ್ಮಿ ಸಮ.

ಹೀಗೆ ಹಂಚುವುದು ದಂಡ ಅನ್ನುವವರು ಎಲ್ಲ ಕಡೆಯೂ ಇದ್ದಾರೆ. ಚೂರು ಚೂರಾಗಿ ಹಂಚಿದ ದುಡ್ಡು ಕರಗಿ ಹೋಗುತ್ತದೆ, ಅದೇ ದುಡ್ಡಲ್ಲಿ ಪಂಪು ಹಾಕಿಸಬಹುದಿತ್ತು, ಶಾಲೆಗೆ ಕೊಠಡಿ ಕಟ್ಟಿಸಬಹುದಿತ್ತು ಅನ್ನುತ್ತಾರೆ. ಸುಳ್ಳಲ್ಲ. ಆದರೂ ಕೈಗೆ ಕೊಟ್ಟಿದ್ದೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ. ಶಾಲೆಯ ಕೊಠಡಿ ನೋಡಿದರೆ ಅದು ಸರ್ಕಾರ ಕಟ್ಟಿಸಿದ್ದಾ, ಜೀಬ್ರಾ ಕಟ್ಟಿಸಿದ್ದಾ ಅಂತ ಗೊತ್ತಾಗುವುದಿಲ್ಲ. ಅಂಗೈಯಲ್ಲಿ ನೋಟು ಇದ್ದಾಗ ಗೊತ್ತಾಗುತ್ತದೆ. ಜೊತೆಗೆ ಇನ್ನೊಂದು ಪ್ರಶ್ನೆ ತಾನಾಗಿ ಬರುತ್ತದೆ: ಈ ಸಲ 630 ಬಂತು, ಮುಂದಿನ ಸಲ ಬರಲಿಲ್ಲ ಅಂದರೆ ಯಾಕೆ? ಗಾಡಿಗೆ ಎಷ್ಟು ಹೋಯಿತು? ಸಮಿತಿಯವರ ಓಡಾಟಕ್ಕೆ ಎಷ್ಟು ಹೋಯಿತು? ಅಲ್ಲಿಯವರೆಗೆ ವಾರ್ಷಿಕ ಸಭೆಯ ಲೆಕ್ಕಪತ್ರ ಯಾರಿಗೆ ಬೇಕಿತ್ತು? ಒಂದು ಸಲ ಪಾಲು ಕಂಡವನು ಲೆಕ್ಕ ಓದುವಾಗ ಕಿವಿಗೊಡುತ್ತಾನೆ.

ಇದೇ ಪದ್ಧತಿಯ ಬಹಳ ತೀಕ್ಷ್ಣವಾದ ರೂಪ ಜಿಂಬಾಬ್ವೆಯ ಚಿಕ್ವಾರಾಕ್ವಾರಾ ಅನ್ನುವ ಊರಲ್ಲಿ 1990ರಲ್ಲಿ ನಡೆದಿತ್ತು. ಅಲ್ಲಿ ಬೇಟೆಯಿಂದ ಬಂದ ದುಡ್ಡನ್ನು ಪ್ರತಿ ಮನೆಗೆ ಪೂರ್ತಿ ಎಣಿಸಿ ಕೈಗೆ ಕೊಟ್ಟರು. ಆಮೇಲೆ ಹಿಟ್ಟಿನ ಗಿರಣಿಗೆ ಇಷ್ಟು, ಶಾಲೆಗೆ ಇಷ್ಟು ಅಂತ ಒಪ್ಪಿದ್ದನ್ನು ಅವರೇ ಎದ್ದು ಹೋಗಿ ವಾಪಸ್ ಹಾಕಿದರು. ಒಂದು ಕ್ಷಣ ಕೈಯಲ್ಲಿ ಇಟ್ಟುಕೊಂಡಿದ್ದಕ್ಕೆ ಆ ದುಡ್ಡು ಅವರದ್ದಾಯಿತು. ಗಿರಣಿ ಕೆಟ್ಟರೆ ಯಾರ ಗಿರಣಿ ಕೆಟ್ಟಿದೆ ಅಂತ ಕೇಳುವ ಪ್ರಶ್ನೆಯೇ ಇಲ್ಲ.

ದೊಡ್ಡಿ, ಟ್ಯಾಂಕು, ಸಿಂಹ

ಪ್ರಾಣಿ ಹೆಚ್ಚಾದರೆ ಕಾಟವೂ ಹೆಚ್ಚಾಗುತ್ತದೆ. ಇದನ್ನು ಮುಚ್ಚಿಟ್ಟು ಟೊರ್ರಾವನ್ನು ಹೊಗಳುವುದರಲ್ಲಿ ಅರ್ಥವಿಲ್ಲ.

ಮೊದಲು ಆನೆ. ಬರಡು ನೆಲದಲ್ಲಿ ನೀರು ಇರುವುದು ಜನರ ಬೋರ್‌ವೆಲ್‌ನಲ್ಲಿ. ಆನೆಗೆ ನೀರಿನ ವಾಸನೆ ಬರುತ್ತದೆ. ಪೈಪು ಕಿತ್ತು, ಟ್ಯಾಂಕ್ ಉರುಳಿಸಿ ಕುಡಿದು ಹೋಗುತ್ತದೆ. ಮಾರನೇ ದಿನ ಮೇಕೆಗೂ ನೀರಿಲ್ಲ, ಮನೆಗೂ ನೀರಿಲ್ಲ. ಪಂಪಿನ ಭಾಗ ತರಿಸಲು ನೂರಾರು ಕಿಲೋಮೀಟರ್ ದೂರದ ಪಟ್ಟಣಕ್ಕೆ ಹೋಗಬೇಕು. ಇದಕ್ಕೆ ಕುನೆನೆಯ ಜನ ಕಂಡುಕೊಂಡ ಉಪಾಯ ತುಂಬಾ ಸರಳ. ಟ್ಯಾಂಕ್ ಮತ್ತು ಪಂಪಿನ ಸುತ್ತ ದೊಡ್ಡ ದೊಡ್ಡ ಕಲ್ಲಿನ ಗೋಡೆ ಕಟ್ಟುತ್ತಾರೆ. ಚೂಪಾದ ಕಲ್ಲಿನ ರಾಶಿ ದಾಟುವುದು ಆನೆಗೆ ಆಗುವುದಿಲ್ಲ. ಗೋಡೆಯ ಆಚೆ, ಸ್ವಲ್ಪ ದೂರದಲ್ಲಿ, ಆನೆಗೆ ಅಂತಲೇ ಒಂದು ತೊಟ್ಟಿ. ನೀರು ಅಲ್ಲಿಗೂ ಹೋಗುತ್ತದೆ. ಆನೆ ತನ್ನ ಪಾಲು ಕುಡಿದು ಹೋಗುತ್ತದೆ. ನೀರು ಎತ್ತುವ ಡೀಸೆಲ್ ಖರ್ಚು ಯಾರು ಕೊಡಬೇಕು ಅನ್ನುವುದು ಸಭೆಯಲ್ಲಿ ಇತ್ಯರ್ಥ ಆಗಬೇಕಾದ ವಿಷಯ. ನೋಡಿ, ಆಡಳಿತ ಅಂದರೆ ಕೊನೆಗೆ ಇಂಥದ್ದೇ: ಆನೆ ಕುಡಿದ ನೀರಿನ ಬಿಲ್ಲು ಯಾರ ಲೆಕ್ಕಕ್ಕೆ.

ಮೇಕೆ, ಕುರಿ ಕಳೆದುಕೊಂಡವರಿಗೆ ಟೊರ್ರಾ ಮಾಡಿದ ಒಂದು ಏರ್ಪಾಡು ನನಗೆ ಬಹಳ ಹಿಡಿಸಿತು. ದುಡ್ಡು ಕೊಡುವ ಬದಲು ಪ್ರಾಣಿಗೆ ಪ್ರಾಣಿ. ಕನ್ಸರ್ವೆನ್ಸಿಯೇ ಕುರಿ ಮೇಕೆ ಸಾಕಿ, ಚಿರತೆ ಚೀತಾ ಕೊಂದ ಪ್ರಾಣಿಯ ಬದಲಿಗೆ ಕೊಡುವುದು. ಹಿಂಡು ಕಳೆದುಕೊಂಡವನ ಹಿಂಡು ಹಿಂಡಾಗಿಯೇ ಉಳಿಯುತ್ತದೆ. 2009ರಲ್ಲಿ ಸರ್ಕಾರ ಇಡೀ ದೇಶಕ್ಕೆ ಒಂದು ನೀತಿ ತಂದಿತು. ಆಗ ದನಕ್ಕೆ 1,500 ನಮೀಬಿಯಾ ಡಾಲರ್, ಮೇಕೆಗೆ 200 ಅಂತ ನಿಗದಿಯಾಗಿತ್ತು. ಮಾರುಕಟ್ಟೆ ಬೆಲೆಗಿಂತ ತುಂಬಾ ಕಡಿಮೆ. ಸರ್ಕಾರ ಇದನ್ನು ಪರಿಹಾರ ಅಂತ ಕರೆಯುವುದೂ ಇಲ್ಲ, ನಷ್ಟಕ್ಕೆ ಒಂದು ಆಸರೆ ಅನ್ನುತ್ತದೆ. ರಾತ್ರಿ ಪ್ರಾಣಿಗಳನ್ನು ದೊಡ್ಡಿಗೆ ಹಾಕದೆ ಬಿಟ್ಟವನಿಗೆ ಸಿಗುವುದಿಲ್ಲ. ಬೇಗ ದೂರು ಕೊಡಬೇಕು, ಗಾರ್ಡ್ ಬಂದು ನೋಡಬೇಕು, ಹಳದಿ ಪುಸ್ತಕದಲ್ಲಿ ಇರಬೇಕು. ಪುಸ್ತಕದಲ್ಲಿ ಇಲ್ಲದ ಮೇಕೆಗೆ ಹಣ ಇಲ್ಲ. ಹಾಗಾಗಿ ಬರೆಯುವವನು ಪಕ್ಕದ ಮನೆಯವನೇ ಆದಾಗ ಅವನ ಮೇಲೆ ಬೀಳುವ ಭಾರ ಸಣ್ಣದಲ್ಲ. ಸಂಬಂಧಿಕನ ಮೇಕೆ ಕಾಯಿಲೆಯಿಂದ ಸತ್ತಿದೆ, ಚಿರತೆ ಅಂತ ಬರೆ ಅಂತ ಕೇಳಿದರೆ ಏನು ಮಾಡಬೇಕು? ಆ ಊರಲ್ಲಿ ನಾಳೆಯೂ ಬದುಕಬೇಕಲ್ಲ.

ಇನ್ನು ಸಿಂಹ. 1990ರ ದಶಕದಲ್ಲಿ ಈ ಮರಳುಗಾಡಿನ ಸಿಂಹಗಳು 20ರ ಆಸುಪಾಸಿಗೆ ಇಳಿದಿದ್ದವು. ಫಿಲಿಪ್ ಸ್ಟ್ಯಾಂಡರ್ ಅನ್ನುವ ಸಂಶೋಧಕರು ವರ್ಷಗಟ್ಟಲೆ ಅವುಗಳ ಹಿಂದೆ ಓಡಾಡಿ ಲೆಕ್ಕ ಇಟ್ಟರು. ಬೇಟೆಪ್ರಾಣಿಗಳು ಹೆಚ್ಚಿದಂತೆ ಸಿಂಹಗಳೂ ಹೆಚ್ಚಿ, 2015ರ ಹೊತ್ತಿಗೆ ಸುಮಾರು 150ಕ್ಕೆ ಬಂದವು. ಹೊರಗಿನವರಿಗೆ ಇದು ಹಬ್ಬದ ಸುದ್ದಿ. ಮೇಕೆ ಸಾಕಿದವನಿಗೆ ಬೇರೆ ಸುದ್ದಿ. ಸಿಂಹ ಒಂದು ರಾತ್ರಿ ದೊಡ್ಡಿಗೆ ಬಿದ್ದರೆ ಒಂದೆರಡು ಪ್ರಾಣಿಗೆ ನಿಲ್ಲುವುದಿಲ್ಲ, ಗಾಬರಿಯಲ್ಲಿ ಓಡಾಡುವ ಇಡೀ ಹಿಂಡನ್ನೇ ಕೆಡವಬಹುದು.

ಅಷ್ಟರಲ್ಲಿ ಮಳೆ ಕೈಕೊಟ್ಟಿತು. 2010ರ ದಶಕದ ಬಹುಪಾಲು ಕುನೆನೆಯಲ್ಲಿ ಬರ. ಹುಲ್ಲಿಲ್ಲದೆ ಸ್ಪ್ರಿಂಗ್‌ಬಾಕ್, ಓರಿಕ್ಸ್, ಜೀಬ್ರಾ ಸತ್ತವು, ಉಳಿದವು ಚದುರಿದವು. ಜನರ ದನ ಮೇಕೆಯೂ ಸತ್ತವು. ಕಾಡಿನಲ್ಲಿ ತಿನ್ನಲು ಸಿಗದ ಸಿಂಹ ದೊಡ್ಡಿಗೆ ಬಂತು. ಇದ್ದ ನಾಲ್ಕು ಮೇಕೆಯನ್ನೂ ಕಳೆದುಕೊಂಡವನು ವಿಷ ಇಟ್ಟರೆ, ಗುಂಡು ಹೊಡೆದರೆ, ಅವನನ್ನು ಮಾತ್ರ ಬೈದು ಸುಮ್ನೆ ಇರಲು ನನಗೆ ಮನಸ್ಸು ಬರುವುದಿಲ್ಲ. 2016ರಲ್ಲಿ ಐದು ಮಸ್ಕೆಟಿಯರ್ಸ್ ಅಂತ ಹೆಸರಾಗಿದ್ದ ಐದು ಗಂಡುಸಿಂಹಗಳಲ್ಲಿ ನಾಲ್ಕು ಹೀಗೆಯೇ ಸತ್ತವು. ಆ ಮೇಲೆ ಸಿಂಹಕ್ಕೆ ಅಂತಲೇ ಬೇರೆ ಕಾವಲುಗಾರರು ಬಂದರು, ಅವರನ್ನು ಲಯನ್ ರೇಂಜರ್ಸ್ ಅನ್ನುತ್ತಾರೆ. ಸಿಂಹಗಳ ಕೊರಳಿಗೆ ಸಿಗ್ನಲ್ ಕೊಡುವ ಪಟ್ಟಿ, ಊರ ಹತ್ತಿರ ಬಂದರೆ ಎಚ್ಚರಿಸುವ ಗೋಪುರ, ಗಟ್ಟಿ ದೊಡ್ಡಿಗಳು. ಕೆಲವು ಕಡೆ ಕೆಲಸ ಮಾಡಿದೆ.

ಬರದ ವರ್ಷಗಳಲ್ಲಿ ಈ ಲೆಕ್ಕದ ಪುಸ್ತಕಗಳಿಗೆ ನಿಜವಾದ ಪರೀಕ್ಷೆ ಬಂತು ಅಂತ ನಾನು ಭಾವಿಸುತ್ತೇನೆ. ವಾಯವ್ಯದ ಕನ್ಸರ್ವೆನ್ಸಿಗಳು, ಇಲಾಖೆಯವರು, ಸಂಸ್ಥೆಗಳು ಸೇರಿ ಪ್ರತಿ ವರ್ಷ ಗಾಡಿಯಲ್ಲಿ ಒಟ್ಟಿಗೆ ಪ್ರಾಣಿ ಎಣಿಸುತ್ತಾರೆ. ಗಾಡಿಯ ಹಿಂಭಾಗದಲ್ಲಿ ಊರಿನವರು, ಅಧಿಕಾರಿಗಳು ಪಕ್ಕಪಕ್ಕ ನಿಂತು ಎಣಿಸುವುದರಿಂದ ಆಮೇಲೆ ಅಂಕಿ ಸುಳ್ಳು ಅಂತ ಯಾರೂ ಯಾರಿಗೂ ಹೇಳುವ ಹಾಗಿಲ್ಲ. ಅಂಕಿ ಬಿದ್ದಾಗ ಕೋಟಾ ಇಳಿಸಬೇಕು. ಕೋಟಾ ಇಳಿದರೆ ಮಾಂಸ ಇಲ್ಲ, ಬೇಟೆಯ ದುಡ್ಡೂ ಇಲ್ಲ. ಹೊಟ್ಟೆ ಹಸಿದಿರುವ ವರ್ಷವೇ ಮಾಂಸ ಬೇಡ ಅಂತ ತೀರ್ಮಾನ ಮಾಡಬೇಕಾದ ಸಮಿತಿಯ ಕಷ್ಟ ಊಹಿಸಿಕೊಳ್ಳಿ. ಆ ಸಮಿತಿಯವರನ್ನು ಆರಿಸಿದವರು ಅದೇ ಹಸಿದ ಜನ.

ಕಟ್ಟು ಸಡಿಲವಿರುವ ಜಾಗಗಳು

ಕನ್ಸರ್ವೆನ್ಸಿಗಳ ಒಳಗಿನ ತೊಂದರೆಗಳು ನಮ್ಮ ಸಹಕಾರ ಸಂಘಗಳನ್ನು ನೋಡಿದವರಿಗೆ ಹೊಸದಲ್ಲ. ಆದಾಯದ ದೊಡ್ಡ ಪಾಲು ಸಂಬಳ, ಗಾಡಿ, ಡೀಸೆಲ್‌ಗೆ ಹೋಗುತ್ತದೆ. 3,522 ಚದರ ಕಿಲೋಮೀಟರಿಗೆ ಕಾವಲು ಬೇಕು ಅಂದರೆ ಅದು ಅನಿವಾರ್ಯವೂ ಹೌದು. ಆದರೆ ಸಮಿತಿ ಬದಲಾದಾಗ ಹಳೆಯ ಲೆಕ್ಕ ಸರಿಯಾಗಿ ಕೈಬದಲಾಗದೆ ಹೋಗುವುದು, ವಾರ್ಷಿಕ ಸಭೆ ಮುಂದಕ್ಕೆ ಹೋಗುತ್ತಲೇ ಇರುವುದು, ಗಟ್ಟಿಯಾಗಿ ಮಾತಾಡುವ ಕೆಲವರ ಮಾತೇ ನಡೆಯುವುದು, ಇವೆಲ್ಲ ನಮೀಬಿಯಾದ ಹಲವು ಕಡೆ ಕಂಡಿವೆ. ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಎದುರಿಗೆ ವಕೀಲರು, ಈ ಕಡೆ ಮೇಕೆ ಕಾಯುವವರು. ಬೆನ್ನಿಗೆ ನಿಂತ ಸಂಸ್ಥೆಗಳು ಇಲ್ಲದಿದ್ದರೆ ಈ ತಕ್ಕಡಿ ಸಮ ಆಗುವುದಿಲ್ಲ.

2020ರಲ್ಲಿ ಕೊರೊನಾ ಬಂದಾಗ ಇನ್ನೊಂದು ಬಿರುಕು ಕಂಡಿತು. ಪ್ರವಾಸಿಗಳು ಒಂದೇ ಸಲ ನಿಂತರು. ಕ್ಯಾಂಪ್ ಮುಚ್ಚಿದರೆ ಗಾರ್ಡ್‌ಗೆ ಸಂಬಳ ಎಲ್ಲಿಂದ? ಸರ್ಕಾರ, ಸಂಸ್ಥೆಗಳು, ದಾನಿಗಳು ಸೇರಿ ತುರ್ತು ನಿಧಿ ಕಟ್ಟಿ ದೇಶದ ಕನ್ಸರ್ವೆನ್ಸಿಗಳ ಗಾರ್ಡ್‌ಗಳ ಸಂಬಳ ನಿಲ್ಲದ ಹಾಗೆ ನೋಡಿಕೊಂಡರು. ಅದು ನಡೆಯದೇ ಇದ್ದಿದ್ದರೆ ಹಳದಿ ಪುಸ್ತಕ ಅಲ್ಲಿಗೇ ನಿಲ್ಲುತ್ತಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಗಾರ್ತ್ ಓವನ್-ಸ್ಮಿತ್ ತೀರಿಕೊಂಡರು.

2022ರ ಸೆಪ್ಟೆಂಬರ್ 17ರಂದು ಎಂಟು ಚೀತಾಗಳು ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗೆ ಬಂದಾಗ ನಮ್ಮ ಪತ್ರಿಕೆಗಳಲ್ಲಿ ಆ ದೇಶದ ಹೆಸರು ತುಂಬಿ ಹೋಗಿತ್ತು. ಚೀತಾ ಕೊಟ್ಟ ದೇಶ, ಅಷ್ಟೇ. ಅದೇ ದೇಶದ ಕಾಯಿದೆ, ಗಾರ್ಡ್, ಪುಸ್ತಕ, ಸಭೆ ಇವುಗಳ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದು ಕಡಿಮೆ. ಈ ಬರಹಕ್ಕೆ ಅದೂ ಒಂದು ಕಾರಣ.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೂ ಹಾಗೇ ಇದೆ. 1996ರ ಕಾಯಿದೆ ಕೊಟ್ಟಿದ್ದು ಪ್ರಾಣಿಗಳ ಮೇಲಿನ ಹಕ್ಕು. ನೆಲದ ಮೇಲಿನ ಹಕ್ಕಲ್ಲ. ಊರಿನವರು ಒಟ್ಟಾಗಿ ಬಳಸುವ ಸಮುದಾಯದ ಜಮೀನು ಸರ್ಕಾರದ ಹೆಸರಲ್ಲೇ ಇದೆ. ಬರ ಬಂದಾಗ ಬೇರೆ ಕಡೆಯಿಂದ ಯಾರಾದರೂ ದನಗಳ ಹಿಂಡು ಹೊಡೆದುಕೊಂಡು ಬಂದು, ಘೇಂಡಾಮೃಗಕ್ಕೆ ಅಂತ ಊರಿನವರು ಮೇಯಿಸದೆ ಬಿಟ್ಟ ಕಣಿವೆಯಲ್ಲಿ ಬೀಡು ಬಿಟ್ಟರೆ, ಕನ್ಸರ್ವೆನ್ಸಿ ಅವರನ್ನು ತಾನಾಗಿ ಎಬ್ಬಿಸುವ ಹಾಗಿಲ್ಲ. ದೂರು ಕೊಡಬೇಕು, ಮುಖ್ಯಸ್ಥರ ಹತ್ತಿರ ಹೋಗಬೇಕು, ಭೂಮಿ ಮಂಡಳಿಗೆ ಬರೆಯಬೇಕು, ಕೊನೆಗೆ ಕೋರ್ಟು. ಪೂರ್ವ ಭಾಗದ ನಾ ಜಾಕ್ನಾ ಕನ್ಸರ್ವೆನ್ಸಿಯ ಸ್ಯಾನ್ ಅನ್ನುವ ಮೂಲನಿವಾಸಿ ಜನ 2016ರಲ್ಲಿ ಹೈಕೋರ್ಟಿನವರೆಗೆ ಹೋಗಿ, ತಮ್ಮ ನೆಲದಲ್ಲಿ ಅಕ್ರಮವಾಗಿ ಹಾಕಿದ ಬೇಲಿಗಳನ್ನು ತೆಗೆಸುವ ಆದೇಶ ತಂದರು. ಅಲ್ಲಿಗೆ ಹೋಗಿ ಮುಟ್ಟಲು ವರ್ಷಗಳು ಹಿಡಿದವು.

ಕುನೆನೆಯ ಗಾರ್ಡ್ ಮಾತ್ರ ಬೆಳಿಗ್ಗೆ ಎದ್ದು ತನ್ನ ದಾರಿ ಹಿಡಿದು ನಡೆಯುತ್ತಾನೆ. ಕಣಿವೆಯಲ್ಲಿ ಗುರುತಿಲ್ಲದ ದನದ ಹೆಜ್ಜೆ ಕಂಡರೆ ಅದನ್ನೂ ಬರೆದಿಡಬಹುದು: ದಿನಾಂಕ, ಜಾಗ, ಎಷ್ಟು ದನ. ತಿಂಗಳ ಕೊನೆಗೆ ಆಫೀಸಿನ ಚಾರ್ಟಿನಲ್ಲಿ ಅದಕ್ಕೂ ಒಂದು ಚೌಕ ತುಂಬುತ್ತದೆ.